ತಾರ ಷಡ್ಜ ಮತ್ತು ತಿಂಗಳ ಸಂಬಳ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಗಂಡಸಿನ ಗಂಟಲಿಗೆ ಮುಖ್ಯವಾಗಿ ಮೂರು ಹೆಸರಿಟ್ಟಿದ್ದಾರೆ. ತಗ್ಗಿನದು ಬಾಸ್, ನಡುವಿನದು ಬ್ಯಾರಿಟೋನ್, ಎತ್ತರದ್ದು ಟೆನರ್. ಅಪೆರಾದಲ್ಲಿ ಪ್ರೇಮಿ, ಶೂರ, ಕಥಾನಾಯಕ ಇವರೆಲ್ಲ ಸಾಮಾನ್ಯವಾಗಿ ಟೆನರ್‌ಗಳು. ಅಪ್ಪ, ಪಾದ್ರಿ, ಖಳ ಇವರ ಪಾಲಿಗೆ ತಗ್ಗಿನ ದನಿ. ಅಲ್ಲಿನ ಪತ್ರಿಕೆಗಳಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ 'ಉದಯೋನ್ಮುಖ ಟೆನರ್' ಅಂತ ಯಾರದೋ ಫೋಟೊ ಬರುತ್ತದೆ. ಯಾವ ಶಾಲೆಯಲ್ಲಿ ಕಲಿತ, ಯಾವ ಸ್ಪರ್ಧೆ ಗೆದ್ದ, ಯಾವ ಅಪೆರಾ ಮನೆ ಕರೆಸಿಕೊಂಡಿತು ಅನ್ನೋ ಪಟ್ಟಿಯೂ ಜೊತೆಗಿರುತ್ತದೆ. ಹತ್ತುವ ಮೆಟ್ಟಿಲು ಎದುರಿಗೇ ಕಾಣುತ್ತದೆ. ಅಂಥದೊಂದು ಬರಹ ಓದಿದಾಗ ನನಗನ್ನಿಸಿತು: ನಮ್ಮ ಕಡೆ ಒಳ್ಳೇ ಗಂಟಲಿರೋ ಹುಡುಗ ಯಾವ ಮೆಟ್ಟಿಲು ಹತ್ತಿ ಮೇಲೆ ಬಂದ? ನಮ್ಮ ಕಡೆ ಅಂದರೆ ಹಾರನಹಳ್ಳಿ, ಅರಸೀಕೆರೆ, ಒಟ್ಟಾರೆ ಹಾಸನ ಜಿಲ್ಲೆ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ನಮ್ಮ ಸಂಗೀತದಲ್ಲಿ ಗಂಟಲಿಗೆ ಈ ವಿಂಗಡಣೆ ಇಲ್ಲ. ಅಲ್ಲಿ ಹಾಡು ಬರೆದವನೇ ಇದು ಇಂಥ ಎತ್ತರದಲ್ಲೇ ಇರಬೇಕು ಅಂತ ಗೊತ್ತುಮಾಡಿರುತ್ತಾನೆ. ಟೆನರ್‌ಗೆ ಬರೆದದ್ದು ಬಾಸ್ ಗಾಯಕನಿಗೆ ದಕ್ಕುವುದಿಲ್ಲ. ನಮ್ಮಲ್ಲಿ ಹಾಡುವವನೇ ತನ್ನ ಷಡ್ಜ ಎಲ್ಲಿರಬೇಕು ಅಂತ ನಿರ್ಧರಿಸುತ್ತಾನೆ. ಒಂದು ಮನೆ ಶ್ರುತಿಯೋ, ಒಂದೂವರೆಯೋ, ಎರಡೋ. ಹಾರ್ಮೋನಿಯಂ ಮನೆಗಳ ಲೆಕ್ಕ. ತ್ಯಾಗರಾಜರ ಒಂದೇ ಕೃತಿಯನ್ನು ಮಂದ್ರದ ಗಂಟಲಿನವರೂ ಹಾಡಬಹುದು, ಏರು ಗಂಟಲಿನವರೂ ಹಾಡಬಹುದು. ಪರೀಕ್ಷೆ ಇರುವುದು ಆಮೇಲೆ. ತಾರ ಷಡ್ಜ ಮುಟ್ಟಿ, ಅಲ್ಲಿಂದ ಮೇಲೆ ಗಾಂಧಾರಕ್ಕೋ ಪಂಚಮಕ್ಕೋ ಹೋಗಿ, ದನಿ ಒಡೆಯದಂತೆ ನಿಲ್ಲುತ್ತಾನಾ ಇಲ್ಲವಾ? ಹಳ್ಳಿಯಲ್ಲಿ ಹುಡುಗನೊಬ್ಬನ ಬಗ್ಗೆ 'ಗಂಟಲಿದೆ ಕಣ್ರೀ' ಅಂದರೆ ಅರ್ಥ ಅದೇ.

ಹಾರನಹಳ್ಳಿ ಅರಸೀಕೆರೆಗೆ ಎಂಟು ಕಿಲೋಮೀಟರ್ ಆಸುಪಾಸು. ಇಲ್ಲಿನ ಚೆನ್ನಕೇಶವ ಮತ್ತು ಸೋಮೇಶ್ವರ ದೇವಸ್ಥಾನಗಳು 1235ರ ಸುಮಾರಿನವು. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ್ದು ಅಂತ ನಮಗೆ ಗೊತ್ತು. ಕಟ್ಟಿಸಿದವರ ಹೆಸರು ಉಳಿದಿದೆ. ಕೆಲವು ಹೊಯ್ಸಳ ಗುಡಿಗಳಲ್ಲಿ ಕೆತ್ತಿದವರ ಹೆಸರೂ ಉಳಿದಿದೆ. ಮಲ್ಲಿತಮ್ಮನಂಥ ಶಿಲ್ಪಿಗಳು ಮೂರ್ತಿಯ ಕೆಳಗೆ ಸಹಿ ಹಾಕಿ ಹೋಗಿದ್ದಾರೆ. ಗೋಡೆ ತುಂಬ ಮದ್ದಳೆ ಬಾರಿಸುವವರು, ತಾಳ ಹಾಕುವವರು, ಕೊಳಲು ಹಿಡಿದ ವೇಣುಗೋಪಾಲ. ಹಾಡುವವರನ್ನು ಹುಡುಕಿ ನೋಡಿ, ಸಿಗೋದು ಕಷ್ಟ. ಕಲ್ಲಿನಲ್ಲಿ ಕೈ ತೋರಿಸಬಹುದು, ಕಾಲು ತೋರಿಸಬಹುದು. ಗಂಟಲು ತೋರಿಸೋದು ಹೇಗೆ? ಬೇಲೂರಿನ ಶಾಂತಲೆ ಹಾಡು-ನಾಟ್ಯಗಳಲ್ಲಿ ನಿಪುಣೆ ಅಂತ ಶಾಸನ ಹೊಗಳಿದೆ ನಿಜ, ಅವಳು ರಾಣಿ. ರಂಗಮಂಟಪದಲ್ಲಿ ದಿನವೂ ಹಾಡಿದ ಸಾಮಾನ್ಯ ಗಾಯಕನ ಕಥೆಗೆ ಆಧಾರ ಸಿಗೋದು ಬಹಳ ಈಚೆಗೆ, ಅರಮನೆಯ ಲೆಕ್ಕದ ಪುಸ್ತಕ, ಕಂಪನಿ ನಾಟಕದ ಕರಪತ್ರ, ಗ್ರಾಮಾಫೋನ್ ಪ್ಲೇಟು ಬಂದಮೇಲೆ.

ಆ ಈಚಿನ ಕಾಲಕ್ಕೆ ಬಂದರೆ ನಮ್ಮೂರಿನ ಪಕ್ಕದ ಅರಸೀಕೆರೆ ಜಂಕ್ಷನ್ ಮುಖ್ಯವಾಗುತ್ತದೆ. ಸಂಗೀತದ ಚರಿತ್ರೆ ಬರೆಯುವವರು ರೈಲ್ವೆ ನಕ್ಷೆಯನ್ನು ಅಷ್ಟಾಗಿ ನೋಡುವುದಿಲ್ಲ, ನೋಡಬೇಕು. ಅರಸೀಕೆರೆಯಿಂದ ಒಂದು ದಾರಿ ಬೀರೂರು, ಹರಿಹರ ದಾಟಿ ಹುಬ್ಬಳ್ಳಿಗೆ ಹೋಗುತ್ತದೆ. ಅಲ್ಲಿಂದ ಆಚೆಗೆ ಹಿಂದೂಸ್ತಾನಿ ಸಂಗೀತದ ಸೀಮೆ. ಇನ್ನೊಂದು ದಾರಿ ಹಾಸನ, ಹೊಳೆನರಸೀಪುರದ ಮೇಲೆ ಮೈಸೂರಿಗೆ. ಅದು ಕರ್ನಾಟಕ ಸಂಗೀತದ ತವರು. ಮೂರನೆಯದು ಬೆಂಗಳೂರಿಗೆ. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನರು ಮೈಸೂರು ಅರಮನೆಗೆ ಹಾಡಲು ಹೋಗಿಬರುತ್ತಿದ್ದರು. ಉತ್ತರದಿಂದ ರೈಲಿನಲ್ಲಿ ಬರುವವರು ಅರಸೀಕೆರೆ ದಾಟಲೇಬೇಕಿತ್ತು. ಆ ಓಡಾಟದ ನಡುವೆ ಹುಬ್ಬಳ್ಳಿ-ಧಾರವಾಡಗಳಲ್ಲಿ ತಂಗಿದ್ದರಿಂದಲೇ ಆ ಸೀಮೆಯಲ್ಲಿ ಕಿರಾಣಾ ಗಾಯನ ಬೇರುಬಿಟ್ಟದ್ದು. ಖಾನರದು ತೆಳುವಾದ, ಎತ್ತರದ, ಜೇನಿನಂಥ ದನಿ. ಯುರೋಪಿನವರು ಕೇಳಿದ್ದರೆ ಟೆನರ್ ಅನ್ನುತ್ತಿದ್ದರೋ ಏನೋ. ಅವರ ಶಿಷ್ಯ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ನಾಟಕ ಕಂಪನಿ ಸೇರಿ ಸ್ತ್ರೀಪಾತ್ರ ಮಾಡಿ ಹೆಸರಾದರು. ಬಾಲಗಂಧರ್ವರಿಗಿಂತ ಕಾಲುಭಾಗ ಹೆಚ್ಚು ಅನ್ನೋ ಅರ್ಥದಲ್ಲಿ ಬಂದ ಬಿರುದು ಅದು.

ಏರುದನಿಗೆ ಅಷ್ಟು ಬೆಲೆ ಬಂದದ್ದೇಕೆ? ಕಾರಣ ಬಹಳ ಸರಳ, ಮೈಕ್ ಇರಲಿಲ್ಲ. ಡೇರೆಯ ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಕೇಳಬೇಕು. ತಗ್ಗಿನ ದನಿ ಜನರ ಗುಜುಗುಜುವಿನಲ್ಲಿ ಮುಳುಗುತ್ತದೆ, ಎತ್ತರದ ದನಿ ಅದನ್ನು ಸೀಳಿಕೊಂಡು ಹೋಗುತ್ತದೆ. ತಮಿಳು ರಂಗಭೂಮಿಯ ಎಸ್. ಜಿ. ಕಿಟ್ಟಪ್ಪ ಇದರ ತುದಿ. ಮೈಕಿಲ್ಲದೆ ಸಾವಿರಾರು ಜನರ ಮುಂದೆ ಮೇಲಿನ ಶ್ರುತಿಯಲ್ಲಿ ಹಾಡಿದ ಆ ಹುಡುಗ 1933ರಲ್ಲಿ ತೀರಿಕೊಂಡಾಗ ಇನ್ನೂ ಇಪ್ಪತ್ತೇಳು. ಯುರೋಪಿನಲ್ಲೂ ಇಂಥದೇ ಕಥೆ ಇದೆ. 1837ರಲ್ಲಿ ಪ್ಯಾರಿಸ್ಸಿಗೆ ಬಂದ ಡುಪ್ರೇ ಎಂಬ ಟೆನರ್, ಅದುವರೆಗೆ ಎಲ್ಲರೂ ಕಳ್ಳದನಿಯಲ್ಲಿ ಮೃದುವಾಗಿ ಮುಟ್ಟುತ್ತಿದ್ದ ಮೇಲಿನ ಸ್ವರವನ್ನು ಎದೆಯಿಂದ ಪೂರ್ತಿ ದನಿಯಲ್ಲಿ ಎತ್ತಿ ಹಾಡಿದ. ಜನ ಹುಚ್ಚಾದರು. ಅಲ್ಲಿಯವರೆಗೆ ಪ್ಯಾರಿಸ್ಸಿನ ಕಣ್ಮಣಿಯಾಗಿದ್ದ ನೂರೀ ಎಂಬ ಗಾಯಕ ಊರು ಬಿಟ್ಟು ಇಟಲಿಗೆ ಹೋಗಿ ಹೊಸ ರೀತಿ ಕಲಿಯಲು ಒದ್ದಾಡಿ, ಗಂಟಲು ಕೆಟ್ಟು, 1839ರಲ್ಲಿ ನೇಪಲ್ಸಿನಲ್ಲಿ ಮಹಡಿಯಿಂದ ಹಾರಿ ಪ್ರಾಣ ಬಿಟ್ಟ. ಒಬ್ಬ ಏರುವಾಗ ಇನ್ನೊಬ್ಬ ಇಳಿಯಲೇಬೇಕಾದ ಲೋಕ ಅದು.

ವಾದ್ಯಗಾರರಿಗೂ ಇದೇ ಪಾಡು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯ 1927ರಲ್ಲಿ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿ ಮಾಡಿಕೊಂಡರು. ಶಾಸ್ತ್ರಕ್ಕಾಗಿ ಅಲ್ಲ, ಹಿಂದೆ ಕೂತವರಿಗೆ ಕೇಳಲಿ ಅಂತ. ನನಗೆ ಈ ಸಂಗತಿ ಬಹಳ ಇಷ್ಟ. ಸಂಗೀತದಲ್ಲಿ ಇದು ಘರಾನೆ, ಇದು ಬಾನಿ, ಇದು ಸಂಪ್ರದಾಯ ಅಂತ ದೊಡ್ಡ ದೊಡ್ಡ ಮಾತು ಆಡುತ್ತೇವಲ್ಲ, ಅದರಲ್ಲಿ ಅರ್ಧದಷ್ಟು 'ಕೊನೇ ಸಾಲಿಗೆ ಕೇಳಬೇಕು' ಅನ್ನೋ ಕಷ್ಟದಿಂದ ಹುಟ್ಟಿದ್ದು.

ಇನ್ನು ನಮ್ಮ ಜಿಲ್ಲೆಯ ಆ ಹುಡುಗನ ವಿಷಯ.

ಹಾಸನ ಜಿಲ್ಲೆಯ ತೆಂಕಣ ತುದಿಯಲ್ಲಿ, ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದ ಮೇಲೆ ರುದ್ರಪಟ್ಟಣ ಅಂತ ಊರು. ರಾಮನಾಥಪುರ, ಕೊಣನೂರು ಗೊತ್ತಿದ್ದವರಿಗೆ ಇದೂ ಗೊತ್ತಿರುತ್ತದೆ. ಸಂಕೇತಿಗಳು ಹೆಚ್ಚಾಗಿದ್ದ ಊರು. ಮನೆಯಲ್ಲಿ ಅವರಾಡುವ ಸಂಕೇತಿ ಭಾಷೆಯಲ್ಲಿ ತಮಿಳು, ಮಲಯಾಳ, ಕನ್ನಡ ಮೂರೂ ಬೆರೆತಿವೆ. ನಾಚಾರಮ್ಮ ಎಂಬ ಹೆಂಗಸಿನ ಹಿಂದೆ ತಮಿಳುನಾಡಿನ ಶೆಂಕೋಟೆ ಬಿಟ್ಟು ಬಂದವರು ತಾವು ಅನ್ನೋದು ಅವರ ಐತಿಹ್ಯ. ಮೇಲೆ ಹೇಳಿದ ಕಿಟ್ಟಪ್ಪನ ಊರೂ ಅದೇ ಶೆಂಕೋಟೆ. ಅವನ ಹೆಸರಿನ ಮುಂದಿನ ಮೊದಲ ಅಕ್ಷರ ಆ ಊರಿನದೇ. ಇದರಿಂದ ಏನೂ ಸಾಬೀತಾಗಲ್ಲ, ಸುಮ್ಮನೆ ಹೇಳಿದೆ. ರುದ್ರಪಟ್ಟಣದಲ್ಲಿ ಮಾತ್ರ ಮನೆಮನೆಗೂ ಒಬ್ಬ ಸಂಗೀತಗಾರ ಅಂತ ಗಾದೆಯ ಹಾಗೆ ಹೇಳುವ ಮಾತಿದೆ, ಪಟ್ಟಿ ನೋಡಿದರೆ ಅದು ಅಂಥ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

1920ರ ಜನವರಿ 14, ಸಂಕ್ರಾಂತಿ ಹೊತ್ತಿಗೆ ಈ ಊರಿನಲ್ಲಿ ಆರ್. ಕೆ. ಶ್ರೀಕಂಠನ್ ಹುಟ್ಟಿದರು. ತಂದೆ ಕೃಷ್ಣಶಾಸ್ತ್ರಿಗಳು ಹಾಡುಗಾರರು, ಹರಿಕಥೆ ಮಾಡುವವರು, ಕನ್ನಡ ಸಂಸ್ಕೃತ ಎರಡರಲ್ಲೂ ಬರೆಯುವವರು. ತಾಯಿ ಸಣ್ಣಕ್ಕ. ಅಣ್ಣ ವೆಂಕಟರಾಮಶಾಸ್ತ್ರಿ ಪಿಟೀಲು ವಿದ್ವಾಂಸ. ಒಡಹುಟ್ಟಿದವರಲ್ಲಿ ನಾರಾಯಣಸ್ವಾಮಿ, ರಾಮನಾಥನ್ ಇಬ್ಬರೂ ಗಾಯಕರು. ಇಂಥ ಮನೆಯಲ್ಲಿ ಪಾಠ ಅಂತ ಬೇರೆ ಶುರುವಾಗಬೇಕಿಲ್ಲ. ಅಪ್ಪನಿಂದ ಆರಂಭ, ಆಮೇಲೆ ಅಣ್ಣನಿಂದ. ಪಿಟೀಲುಗಾರ ಅಣ್ಣನ ಹತ್ತಿರ ಬಾಯಿಹಾಡು ಕಲಿಯುವುದರಲ್ಲಿ ಒಂದು ಲಾಭ ಇದೆ. ಸ್ವರಸ್ಥಾನ ಕೂದಲೆಳೆ ಜಾರಿದರೂ ಎದುರಿಗಿರುವ ತಂತಿ ಬಿಡುವುದಿಲ್ಲ.

ಹರಿಕಥೆಯ ಮನೆ ಅನ್ನೋದೂ ಮುಖ್ಯ. ಹರಿಕಥೆ ಮಾಡುವವನಿಗೆ ಹಾಡಿನ ಮಾತು ಕೇಳುಗನಿಗೆ ಮುಟ್ಟಲೇಬೇಕು. ಪದ ನುಂಗಿದರೆ ಕಥೆ ನಿಂತುಹೋಗುತ್ತದೆ. ಶ್ರೀಕಂಠನ್ ಅವರ ಗಾಯನದ ಬಗ್ಗೆ ಎಲ್ಲರೂ ಒಪ್ಪುವ ಮಾತು ಎಂದರೆ ಸಾಹಿತ್ಯದ ಸ್ಪಷ್ಟತೆ. ಸಂಸ್ಕೃತವಿರಲಿ, ತೆಲುಗಿರಲಿ, ಕನ್ನಡವಿರಲಿ, ಅಕ್ಷರ ಅಕ್ಷರ ಬಿಡಿಸಿ ಕೇಳುತ್ತದೆ. ಅದು ಅಪ್ಪನ ಆಸ್ತಿ ಅಂತ ನನ್ನ ಅಂದಾಜು.

ಹುಡುಗನಿದ್ದಾಗಲೇ ಅವರು ಮೈಸೂರು ಸೇರಿದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಆಸ್ಥಾನದಲ್ಲಿ ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ವೀಣೆ ವೆಂಕಟಗಿರಿಯಪ್ಪನವರು. ಹೊರಗಿನಿಂದ ಬಂದು ಹಾಡಿ ಹೋಗುವವರು ಇನ್ನೆಷ್ಟೋ ಜನ. ಆ ಊರು ಎಂಥದು ಅನ್ನೋದಕ್ಕೆ ಒಂದು ಸಂಗತಿ ಸಾಕು. 1902ರ ಏಪ್ರಿಲ್‌ನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಾಫೋನ್ ಕಂಪನಿಯ ಮನುಷ್ಯ ಮಿಲಾನಿನಲ್ಲಿ ಎನ್ರಿಕೊ ಕರೂಸೊ ಎಂಬ ಎಳೆಯ ಟೆನರ್‌ನ ಹಾಡು ಪ್ಲೇಟಿಗೆ ಹಿಡಿದ. ಕರೂಸೊ ಲೋಕಪ್ರಸಿದ್ಧನಾದದ್ದಕ್ಕೆ ಆ ಪ್ಲೇಟುಗಳೂ ಕಾರಣ. ಅದೇ ವರ್ಷ ನವೆಂಬರಿನಲ್ಲಿ ಅದೇ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಹಿಡಿದ. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಬಂದು ಸೇರಿದ್ದು ಮೈಸೂರು ಆಸ್ಥಾನವನ್ನು, ತೀರಿಕೊಂಡದ್ದೂ ಮೈಸೂರಿನಲ್ಲೇ, 1930ರ ಜನವರಿಯಲ್ಲಿ. ಲೋಕವೇ ಕೇಳಿದ ದನಿಗಳು ಬಂದು ಇಳಿಯುವ ಊರು. ಅಂಥಲ್ಲಿ ಒಬ್ಬ ಹುಡುಗನಿಗೆ ಮುಸಿರಿ, ಅರಿಯಕ್ಕುಡಿ, ಚೆಂಬೈ, ಜಿ.ಎನ್.ಬಿ. ಇವರ ಕಚೇರಿ ಕೇಳುವ ಅವಕಾಶ ಸಿಕ್ಕಿತು. ಶ್ರೀಕಂಠನ್ ಕೇಳ್ಮೆಯಿಂದ ಕಲಿತದ್ದು ಬಹಳ. ಮೈಸೂರಿನಲ್ಲೇ ಬಿ.ಎ. ಕೂಡ ಮುಗಿಸಿದರು.

ಇಲ್ಲೊಂದು ಕ್ಷಣ ನಿಲ್ಲಿ. ಆ ಕಾಲದ ಹಾಡುಗಾರ ಹುಡುಗನಿಗೆ ಎದುರಿಗಿದ್ದ ದಾರಿಗಳು ಯಾವುವು? ಒಂದು, ಅರಮನೆ. ಅದು ಕೆಲವರಿಗೆ ಮಾತ್ರ. ಮಹಾರಾಜರ ಮನಸ್ಸು, ಹಿರಿಯರ ಶಿಫಾರಸು ಎರಡೂ ಬೇಕು. ಎರಡು, ಕಂಪನಿ ನಾಟಕ ಮತ್ತು ಅದರ ಹಿಂದೆಯೇ ಬಂದ ಸಿನಿಮಾ. ನೆಲಮಂಗಲ ಕಡೆಯ ಹೊನ್ನಪ್ಪ ಭಾಗವತರು ಹಿಡಿದದ್ದು ಈ ದಾರಿ. ಗುಬ್ಬಿ ಕಂಪನಿಯಿಂದ ತಮಿಳು ಚಿತ್ರರಂಗಕ್ಕೆ ಹೋದರು. ಅಲ್ಲಿನ ದೊಡ್ಡ ಹಾಡುವ ನಾಯಕ ತ್ಯಾಗರಾಜ ಭಾಗವತರು 1944ರಲ್ಲಿ ಕೊಲೆ ಮೊಕದ್ದಮೆಯಲ್ಲಿ ಜೈಲು ಸೇರಿದಾಗ ಖಾಲಿಯಾದ ಜಾಗದಲ್ಲಿ ಹೊನ್ನಪ್ಪನವರಿಗೆ ಅವಕಾಶ ತೆರೆಯಿತು. ಏರಿದ್ದು ಬೇಗ. ಹಾಡುವ ನಾಯಕರ ಕಾಲ ಮುಗಿದು ಹಿನ್ನೆಲೆ ಗಾಯನ ಬಂದಮೇಲೆ ಆ ಏಣಿಯನ್ನೇ ಯಾರೋ ತೆಗೆದುಬಿಟ್ಟ ಹಾಗಾಯಿತು. ಮೂರು, ಬಾಲಪ್ರತಿಭೆಯ ದಾರಿ. ಬೆಳಗಾವಿ ಕಡೆ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ ಹನ್ನೆರಡು ತುಂಬುವ ಮೊದಲೇ ಮುಂಬೈಯ ವಿದ್ವಾಂಸರನ್ನು ಬೆರಗುಗೊಳಿಸಿ ಕುಮಾರ ಗಂಧರ್ವ ಅನ್ನಿಸಿಕೊಂಡಿದ್ದರು. ಆಮೇಲೆ ಕ್ಷಯ ಬಂದು ದೇವಾಸಿನಲ್ಲಿ ವರ್ಷಗಟ್ಟಲೆ ಹಾಡದೆ ಮಲಗಬೇಕಾಯಿತು. ಎದ್ದು ಬಂದದ್ದು ಅವರ ಹಿರಿಮೆ. ಎಲ್ಲರೂ ಹಾಗೆ ಏಳುವುದಿಲ್ಲ.

ಶ್ರೀಕಂಠನ್ ಹಿಡಿದದ್ದು ನಾಲ್ಕನೆಯ ದಾರಿ. ಅವರು ಹುಟ್ಟಿದಾಗ ಅದು ಇರಲೇ ಇಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ರೇಡಿಯೊ ಕೇಂದ್ರ ಶುರುಮಾಡಿದರು. ಮೊದಲಿಗೆ ಬರೀ 30 ವ್ಯಾಟಿನ ಟ್ರಾನ್ಸ್‌ಮಿಟರ್, ಈಗಿನ ಒಂದು ಬಲ್ಬಿನಷ್ಟು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊಗೇ ಆ ಹೆಸರು ಬಂತು. ಐವತ್ತರ ದಶಕದ ನಡುವಿನಲ್ಲಿ ಕೇಂದ್ರ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು. ಶ್ರೀಕಂಠನ್ ಆ ಆಕಾಶವಾಣಿಯ ನೌಕರಿಗೆ ಸೇರಿ, ನಿವೃತ್ತಿಯವರೆಗೆ ಮೂರು ದಶಕದಷ್ಟು ಕಾಲ ಅಲ್ಲೇ ಇದ್ದರು.

ನೌಕರಿ ಅಂದಕೂಡಲೇ ಕೆಲವರು ಮೂಗು ಮುರಿಯುತ್ತಾರೆ. ಕಲಾವಿದ ಅಂದರೆ ಹಸಿದಿರಬೇಕು, ಕುಡಿದಿರಬೇಕು, ಚಿಕ್ಕ ವಯಸ್ಸಿಗೆ ಸಾಯಬೇಕು ಅಂತ ನಮಗೆ ಯಾರೋ ಹೇಳಿಕೊಟ್ಟಿದ್ದಾರೆ. ನನಗೆ ಆ ನಂಬಿಕೆ ಇಲ್ಲ. ಒಂದನೇ ತಾರೀಕು ಸಂಬಳ ಬರುವ ಗಾಯಕ ಗಂಟಲನ್ನು ಹಿಂಡಿ ದುಡಿಸಬೇಕಿಲ್ಲ. ಮದುವೆ ಮನೆಯಲ್ಲಿ ನಾಲ್ಕು ಗಂಟೆ ಗದ್ದಲದ ನಡುವೆ ಕಿರುಚಬೇಕಿಲ್ಲ, ಜನ ಕೇಳಿದರು ಅಂತ ಬೇಡದ ಹಾಡು ಹಾಡಬೇಕಿಲ್ಲ. ತೊಂಬತ್ತನಾಲ್ಕರ ವಯಸ್ಸಿನಲ್ಲೂ ಶ್ರೀಕಂಠನ್ ಕಚೇರಿ ಮಾಡುತ್ತಿದ್ದರು, ದನಿ ನಡುಗುತ್ತಿರಲಿಲ್ಲ. ಅವರ ಶಿಸ್ತು, ಸಾಧನೆ, ಹುಟ್ಟಿನಿಂದ ಬಂದ ಕಂಠ ಎಲ್ಲ ಸರಿ. ಆ ಪಟ್ಟಿಗೆ ಸಂಬಳವನ್ನೂ ಸೇರಿಸಿ ಅನ್ನುತ್ತೇನೆ ನಾನು.

ರೇಡಿಯೊ ಗಾಯನದ ರೀತಿಯನ್ನೂ ಬದಲಿಸಿತು. ಸ್ಟುಡಿಯೊದಲ್ಲಿ ಜನ ಇಲ್ಲ, ಚಪ್ಪಾಳೆ ಇಲ್ಲ. ಕೆಂಪು ದೀಪ ಹತ್ತಿದರೆ ಶುರು, ಗಡಿಯಾರದ ಮುಳ್ಳು ಮುಟ್ಟಿದರೆ ಮುಗಿಯಬೇಕು. ಅರ್ಧ ಗಂಟೆಯಲ್ಲಿ ಆಲಾಪನೆ, ಕೃತಿ, ಸ್ವರ ಎಲ್ಲವನ್ನೂ ಅಳೆದು ಇಡಬೇಕು. ಮೈಕ್ ಎದುರಿಗೇ ಇರುವುದರಿಂದ ಕೂಗಿ ಹಾಡುವ ಅಗತ್ಯ ಹೋಯಿತು, ಗಮಕದ ಸಣ್ಣ ತಿರುವೂ ಕೇಳುವಂತಾಯಿತು. ಈ ಬದಲಾವಣೆಯಲ್ಲಿ ಗಂಡಸರ ಶ್ರುತಿ ನಿಧಾನವಾಗಿ ಕೆಳಗಿಳಿಯಿತು. ಹಳೇ ಡೇರೆಯ ಏರುಶ್ರುತಿಯಲ್ಲಿ ಹಾಡುವವರು ಈಗ ಯಕ್ಷಗಾನದ ಭಾಗವತರಲ್ಲಿ ಸಿಗುತ್ತಾರೆ, ಕಚೇರಿ ವೇದಿಕೆಯಲ್ಲಿ ಅಪರೂಪ. ಇಳಿದ ಶ್ರುತಿಯಲ್ಲಿ ಅನುಕೂಲ ಹೆಚ್ಚು, ಅದರ ಜೊತೆಗೇ ಕೆಲವರಲ್ಲಿ ಒಂದು ಸೋಮಾರಿತನವೂ ಬಂತು. ಮೈಕಿಗೆ ಪಿಸುಗುಟ್ಟಿ ತಾರಸ್ಥಾಯಿಯನ್ನು ಕಳ್ಳದನಿಯಲ್ಲಿ ದಾಟಿಸುವವರನ್ನು ನೀವೂ ಕೇಳಿರುತ್ತೀರಿ. ಶ್ರೀಕಂಠನ್ ಎರಡು ಕಾಲದ ನಡುವಿನವರು. ಮೈಕಿಲ್ಲದ ಜಗಲಿಯಲ್ಲಿ ದನಿ ತೆಗೆಯಲು ಕಲಿತರು, ಮೈಕಿನ ಎದುರು ಜೀವಮಾನ ಕಳೆದರು. ಹಾಗಾಗಿಯೇ ಇರಬೇಕು, ಮೂರು ಸ್ಥಾಯಿಗಳಲ್ಲೂ ತುಂಬಿದ, ಬಿಚ್ಚಿದ ಕಂಠ. ಅದರ ಜೊತೆಗೆ ರೇಡಿಯೊದ ಅಚ್ಚುಕಟ್ಟು.

ಅಂದಹಾಗೆ ಏಣಿಯ ವಿಷಯ ಹೇಳುತ್ತಿದ್ದೆನಲ್ಲ, ರೇಡಿಯೊ ಅದನ್ನೂ ತಂದಿಟ್ಟಿತು. 1952ರಲ್ಲಿ ಕೇಸ್ಕರ್ ಮಂತ್ರಿಯಾದ ಮೇಲೆ ಕಲಾವಿದರಿಗೆಲ್ಲ ಆಡಿಷನ್. ಬಿ, ಬಿ-ಹೈ, ಎ, ಎ-ಟಾಪ್ ಅಂತ ದರ್ಜೆ. ದೊಡ್ಡ ದೊಡ್ಡವರಿಗೆ ಇದು ಅವಮಾನ ಅನ್ನಿಸಿತು, ಗಲಾಟೆಯೂ ಆಯಿತು. ಆದರೆ ಅರಮನೆಯ ಪರಿಚಯವಿಲ್ಲದ, ಮದ್ರಾಸಿನ ಸಭೆಯವರು ಯಾರೆಂದೇ ತಿಳಿಯದ ಒಬ್ಬ ಜಿಲ್ಲೆಯ ಹುಡುಗ ಅರ್ಜಿ ತುಂಬಿ, ಪರದೆಯ ಆಚೆ ಕೂತವರಿಗೆ ಹಾಡಿ, 'ಬಿ-ಹೈ ಬಂತು' ಅಂತ ಊರಿಗೆ ಕಾಗದ ಬರೆಯಬಹುದಾಯಿತು. ಟೆನರ್ ಹುಡುಗನ ಸ್ಪರ್ಧೆಯ ಪದಕಕ್ಕೆ ನಮ್ಮಲ್ಲಿ ಸಮನಾದದ್ದು ಇದೇ. ಮದುವೆ ಕಾಗದದಲ್ಲೂ ಕೆಲವರು ಅಚ್ಚು ಹಾಕಿಸಿಕೊಳ್ಳುತ್ತಾರೆ, ಆಕಾಶವಾಣಿ ಕಲಾವಿದರು ಅಂತ.

ಹಾರನಹಳ್ಳಿಯಲ್ಲಿದ್ದ ನಮಗೆ ಶ್ರೀಕಂಠನ್ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಬೆಂಗಳೂರು ಕೇಂದ್ರದಿಂದ 'ಗಾನವಿಹಾರ' ಅಂತ ಸಂಗೀತಪಾಠ ಬರುತ್ತಿತ್ತು, ಅದರ ಮೇಷ್ಟ್ರು ಅವರು. ಒಂದೊಂದೇ ಸಾಲು ಹಾಡುವುದು, ಸ್ಟುಡಿಯೊದಲ್ಲಿದ್ದ ಶಿಷ್ಯರು ತಿರುಗಿ ಹಾಡುವುದು, ತಪ್ಪಾದರೆ ಮತ್ತೆ ಅದೇ ಸಾಲು. ನಮ್ಮ ಮನೆಯಲ್ಲಿ ಸೋದರತ್ತೆಯೊಬ್ಬರಿದ್ದರು. ಅವರ ಕಾಲದಲ್ಲಿ ಹೆಣ್ಣುಮಗಳು ಸಂಗೀತ ಕಲಿಯೋಕೆ ಅರಸೀಕೆರೆವರೆಗೆ ಬಸ್ಸಿನಲ್ಲಿ ಹೋಗಿಬರೋದು ಆಗದ ಮಾತು, ಊರಿನಲ್ಲಿ ಮೇಷ್ಟ್ರಿಲ್ಲ. ಮನೆಯಲ್ಲಿ ಮರದ ಪೆಟ್ಟಿಗೆಯ ರೇಡಿಯೊ ಇತ್ತು, ಅದಕ್ಕೆ ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಕಟ್ಟಬೇಕು. ಪಾಠದ ಹೊತ್ತಿಗೆ ಅತ್ತೆ ಒಲೆ ಮೇಲಿನ ಪಾತ್ರೆ ಕೆಳಗಿಳಿಸಿ, ಗೆರೆ ಹಾಕಿದ ನೋಟ್‌ಬುಕ್ ಹಿಡಿದು ರೇಡಿಯೊ ಮುಂದೆ ಕೂರುತ್ತಿದ್ದರು. ಮೇಲಿನ ಸಾಲಿನಲ್ಲಿ ಸ್ವರ, ಕೆಳಗೆ ಸಾಹಿತ್ಯ. ತಪ್ಪಿಹೋದ ಸಾಲಿಗೆ ಜಾಗ ಬಿಟ್ಟಿರುತ್ತಿದ್ದರು, ಮುಂದಿನ ಪಾಠದಲ್ಲಿ ಹಿಂದಿನದನ್ನು ಮತ್ತೆ ಹಾಡಿಸುತ್ತಾರಲ್ಲ, ಆಗ ತುಂಬಿಕೊಳ್ಳೋಕೆ. ಮಳೆಗಾಲದಲ್ಲಿ ಕರಕರ ಸದ್ದಿನ ನಡುವೆ ಹೋಗಿಬಿಟ್ಟ ಸಾಲುಗಳು ಕೆಲವು ಕೊನೆಗೂ ಖಾಲಿಯೇ ಉಳಿದವು. ಸಂಜೆ ದೀಪ ಹಚ್ಚಿದಮೇಲೆ ಹಾಡುತ್ತಿದ್ದರು. ಗಂಟಲಿತ್ತು. ಯಾರಾದರೂ 'ಯಾರ ಹತ್ರ ಕಲಿತೆಯಮ್ಮ' ಅಂದರೆ 'ಶ್ರೀಕಂಠನ್ ಹತ್ರ' ಅನ್ನುತ್ತಿದ್ದರು, ನಗದೆ. ಅವರನ್ನು ಒಮ್ಮೆಯೂ ಕಂಡವರಲ್ಲ.

ಇಂಥ ಅತ್ತೆಯರು, ಅಕ್ಕಂದಿರು ಎಷ್ಟು ಊರುಗಳಲ್ಲಿದ್ದರೋ. ಸಂಗೀತ ವಿಮರ್ಶಕರ ಲೆಕ್ಕದಲ್ಲಿ ಅವರಿಲ್ಲ. ಒಬ್ಬ ಗಾಯಕ ಎತ್ತರಕ್ಕೆ ಹೋದ ಅಂತ ಅಳೆಯುವಾಗ ಎಷ್ಟು ಸಭೆಯಲ್ಲಿ ಹಾಡಿದ, ಎಷ್ಟು ಬಿರುದು ಬಂತು ಅಂತ ನೋಡುತ್ತೇವೆ. ಅದನ್ನೂ ನೋಡೋಣ.

ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಶ್ರೀಕಂಠನ್ ಅವರಿಗೆ ಬಂದದ್ದು 1995ರಲ್ಲಿ. ಆಗ ಅವರಿಗೆ ಎಪ್ಪತ್ತೈದು. ಪದ್ಮಭೂಷಣ 2011ರಲ್ಲಿ, ತೊಂಬತ್ತೊಂದಕ್ಕೆ. ಕನ್ನಡನಾಡಿನಲ್ಲಿ ನೆಲೆಸಿದವರಿಗೆ ಆ ಕಲಾನಿಧಿ ಸಿಕ್ಕಿದ್ದು ಬೆರಳೆಣಿಕೆಯಷ್ಟು. ವಾಸುದೇವಾಚಾರ್ಯರು, ಚೌಡಯ್ಯನವರು, 1984ರಲ್ಲಿ ವೀಣೆ ದೊರೆಸ್ವಾಮಿ ಅಯ್ಯಂಗಾರ್, ಆಮೇಲೆ ಇವರು. ದೊರೆಸ್ವಾಮಿ ಅಯ್ಯಂಗಾರ್ ಹುಟ್ಟಿದ್ದೂ ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ, ಅದೂ 1920ರಲ್ಲೇ. ಇವರಿಗಿಂತ ಏಳು ತಿಂಗಳು ಚಿಕ್ಕವರು. ಅವರೂ ಆಕಾಶವಾಣಿಯಲ್ಲೇ ಕೆಲಸ ಮಾಡಿದವರು. ಒಂದೇ ಜಿಲ್ಲೆ, ಒಂದೇ ವರ್ಷ, ಒಂದೇ ಕಚೇರಿ, ಇಬ್ಬರು ಕಲಾನಿಧಿಗಳು. ನಮ್ಮ ಜಿಲ್ಲೆಯ ಶಾಲಾಮಕ್ಕಳಿಗೆ ಇದು ಗೊತ್ತಿದೆಯೇ ಅಂತ ಒಂದು ಸಲ ಕೇಳಿ ನೋಡಿದೆ. ಮಕ್ಕಳಿಗಿರಲಿ, ಮೇಷ್ಟ್ರುಗಳಿಗೂ ಗೊತ್ತಿರಲಿಲ್ಲ.

ಎಪ್ಪತ್ತೈದರವರೆಗೆ ಯಾಕೆ ಕಾಯಬೇಕಾಯಿತು? ಮದ್ರಾಸಿನವರ ಪಕ್ಷಪಾತ ಅಂತ ಬೆಂಗಳೂರಿನಲ್ಲಿ ಹೇಳುವುದು ವಾಡಿಕೆ. ಸ್ವಲ್ಪ ನಿಜ ಇರಬಹುದು. ಆದರೆ ನೌಕರಿ ಕೊಟ್ಟ ಕೈಯೇ ಕಿತ್ತುಕೊಂಡದ್ದೂ ಇದೆ. ಡಿಸೆಂಬರ್ ಸೀಸನ್ನಿನಲ್ಲಿ ತಿಂಗಳಿಡೀ ಮದ್ರಾಸಿನಲ್ಲಿದ್ದು ಸಭೆಯಿಂದ ಸಭೆಗೆ ಓಡಾಡುವವನು ಬೇರೆ, ಬೆಳಗ್ಗೆ ಸ್ಟುಡಿಯೊಗೆ ಹಾಜರಾಗಬೇಕಾದ ನೌಕರ ಬೇರೆ. ತಿಂಗಳ ಸಂಬಳಕ್ಕೆ ಕೊಟ್ಟ ಬೆಲೆ ಅದು. ಅವರು ಕಚೇರಿಗೆ ದೇಶ ಸುತ್ತಲಿಲ್ಲ ಅಂತಲ್ಲ. ಆದರೂ ಬೆಂಗಳೂರಿನಲ್ಲೇ ನೆಲೆ ನಿಂತರು.

ನಿಂತದ್ದರಿಂದ ನಮಗೆ ಸಿಕ್ಕಿದ್ದೇನು ಅನ್ನೋದೂ ಇದೆ. ದಾಸರ ಪದ ಅಂದರೆ ಕಚೇರಿಯ ಕೊನೆಗೆ, ಜನ ಚಪ್ಪಲಿ ಹುಡುಕುವ ಹೊತ್ತಿಗೆ ಹಾಡುವ ತುಕ್ಕಡ ಅಂತ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಶ್ರೀಕಂಠನ್ ಹರಿದಾಸರ ರಚನೆಗಳಿಗೆ, ಕನ್ನಡನಾಡಿನ ವಾಗ್ಗೇಯಕಾರರ ಕೃತಿಗಳಿಗೆ ಕಚೇರಿಯಲ್ಲಿ ಮಾನದ ಜಾಗ ಕೊಟ್ಟರು, ಶಿಷ್ಯರಿಗೂ ಪಾಠಮಾಡಿದರು. ವಾಸುದೇವಾಚಾರ್ಯರದು, ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ ಕನ್ನಡದಲ್ಲಿ ರಚಿಸಿದ ಅಷ್ಟೋತ್ತರ ಕೃತಿಗಳು, ಜಯಚಾಮರಾಜ ಒಡೆಯರ 94 ಕೃತಿಗಳು, ಇವೆಲ್ಲ ಅರಮನೆಯ ಸೊತ್ತು. ಅರಮನೆ ಮುಚ್ಚಿದಮೇಲೆ ಇವನ್ನು ಹೊರಗೆ ತಂದು ಹಾಡುವ ಗಂಟಲು ಬೇಕಿತ್ತು. ಅದೇ ಜಯಚಾಮರಾಜರು 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳ ಮೊದಲ ಕಚೇರಿಗೆ ಹಣದ ಜಾಮೀನು ನಿಂತಿದ್ದರು ಅಂದರೆ ಈಗಿನವರು ನಂಬುವುದಿಲ್ಲ. ಮೈಸೂರಿನ ದುಡ್ಡಿನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅಲ್ಲಿ ಹಾಡಿದರು. ಅವರದೇ ಕೃತಿಗಳು ಇಲ್ಲಿ ಮನೆಮನೆಗೆ ಮುಟ್ಟಿದ್ದು ಸರ್ಕಾರಿ ಸಂಬಳದ ಒಬ್ಬರು ಮೈಕಿನ ಮುಂದೆ ಕೂತು ಹಾಡಿದ್ದರಿಂದ.

2014ರ ಫೆಬ್ರವರಿ 17ರಂದು ಶ್ರೀಕಂಠನ್ ತೀರಿಕೊಂಡರು. ಮಗ ಆರ್. ಎಸ್. ರಮಾಕಾಂತ್ ಗಾಯಕರಾದರು. ಅಣ್ಣತಮ್ಮಂದಿರಲ್ಲಿ ನಾರಾಯಣಸ್ವಾಮಿಯವರ ಮಕ್ಕಳು ತ್ಯಾಗರಾಜನ್ ಮತ್ತು ತಾರಾನಾಥನ್ ರುದ್ರಪಟ್ಟಣಂ ಸಹೋದರರು ಅಂತ ಜೋಡಿಯಾಗಿ ಹೆಸರಾದವರು. ಇವರಲ್ಲಿ ತಾರಾನಾಥನ್ ಮೈಸೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿ ವಿಜ್ಞಾನಿ. ಹಗಲೆಲ್ಲ ಪ್ರಯೋಗಾಲಯ, ಸಂಜೆ ತಂಬೂರಿ. ಸಂಬಳದ ನೆಲೆ ಇಟ್ಟುಕೊಂಡೇ ಹಾಡುವ ಪದ್ಧತಿ ಆ ಮನೆತನದಲ್ಲಿ ಮುಂದುವರಿಯಿತು ಅನ್ನಿ. ರುದ್ರಪಟ್ಟಣದಲ್ಲಿ ಆರ್. ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತಾ ಧ್ಯಾನ ಮಂದಿರ ಕಟ್ಟಿಸಿದ್ದಾರೆ. ವರ್ಷಕ್ಕೊಮ್ಮೆ ಅಲ್ಲಿ ಸಂಗೀತೋತ್ಸವ ನಡೆಯುತ್ತದೆ. ಅಂದು ಹೊಳೆಯ ದಡದ ಆ ಊರಿಗೆ ಸುತ್ತಲಿನವರೆಲ್ಲ ಬರುತ್ತಾರೆ.

ನಮ್ಮ ಹಾರನಹಳ್ಳಿ ಕಡೆ ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ ಬರುತ್ತದೆ. ಹೋದ ವರ್ಷ ಊರಿನದೇ ಹುಡುಗನೊಬ್ಬ ಹತ್ತಿ ರಾಜಕುಮಾರ್ ಹಾಡಿದ ಭಕ್ತಿಗೀತೆ ಹಾಡಿದ. ಮೇಲಿನ ಷಡ್ಜದಲ್ಲಿ ನಿಲ್ಲಿಸಿದಾಗ ಸೌಂಡ್ ಬಾಕ್ಸು ಕೈಕೊಟ್ಟಿತು. ಅವನು ನಿಲ್ಲಿಸಲಿಲ್ಲ. ದೇವಸ್ಥಾನದ ಗೋಡೆವರೆಗೂ ಕೇಳುತ್ತಿತ್ತು. ಅಪ್ಪ ತೆಂಗಿನಕಾಯಿ ವ್ಯಾಪಾರ, ಹುಡುಗ ಐ.ಟಿ.ಐ. ಓದುತ್ತಿದ್ದಾನೆ. ಮುಂದೇನು ಅಂತ ಕೇಳಿದೆ. 'ಕಲೀಬೇಕು ಅಂತ ಇದೆ ಸಾರ್, ಮೊದ್ಲು ಕೆಲಸ ಸಿಗ್ಲಿ' ಅಂದ.